ಬಯಲುಸೀಮೆಯ ನೆಲಜೀರುಂಡೆಗಳೂ ದ್ವೀಪಗಳ ವರ್ಗೀಕಾರರೂ

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿಯುವ ಪಿನಾಕಿನಿಯು ಹಿಂದೂಪುರದ ಮಗ್ಗುಲನ್ನು ಸವರಿ ಪೆನುಕೊಂಡೆಯ ಕಡೆಗೆ ಸಾಗುವ ಎಡೆಗೂ, ಬಾಬಾಬುಡನ್ ಗಿರಿಯ ನೀರನ್ನು ಹೊತ್ತ ವೇದಾವತಿಯು ಹಗರಿಯೆಂಬ ಹೆಸರನ್ನು ತಳೆದು ಕಲ್ಯಾಣದುರ್ಗ ಸೀಮೆಯ ಪಡುವಣ ಅಂಚನ್ನು ಮುಟ್ಟುವ ಎಡೆಗೂ ನಡುವೆ ಹಬ್ಬಿರುವ ನೆಲವು, ಬಂಡೆಗಲ್ಲಿನ ಗುಡ್ಡಗಳಿಂದಲೂ ಕೆಂಪು ಮರಳುಮಣ್ಣಿನ ಹೊಲಗಳಿಂದಲೂ ಜಾಲಿ, ಬಂದುರು, ಸೀತಾಫಲಗಳ ಕುರುಚಲಿನಿಂದಲೂ ಕೂಡಿ, ವರ್ಷವೊಂದಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ಕಂಡರೆ ಧನ್ಯವೆಂದುಕೊಳ್ಳುವ ನೆಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಇಲ್ಲಿಯದು. ಲೇಪಾಕ್ಷಿಯ ವೀರಭದ್ರನ ಗುಡಿಯೂ ಅದರ ಕನ್ನಡ ಶಾಸನಗಳೂ ಇಲ್ಲಿಯವು. 1800ರಲ್ಲಿ ನಿಜಾಮನಿಂದ ಕುಂಪಣಿಗೆ ದತ್ತವಾದ ಈ ಸೀಮೆ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆಗೆ ಸೇರಿತು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಆಳುವವರ ಗೆರೆಗಳು ಎಷ್ಟು ಸಾರಿ ಸರಿದರೂ ಕನ್ನಡ ತೆಲುಗುಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ಇಲ್ಲಿಯ ಜನ ಸರಿಯಲಿಲ್ಲ. ಅವರ ಕಾಲಡಿಯ ಮಣ್ಣಿನಲ್ಲಿ ಅವರಿಗಿಂತ ಎಷ್ಟೋ ಪೂರ್ವದಿಂದ ಬಾಳಿಕೊಂಡು ಬಂದ ಜೀವಿಗಳೂ ಸರಿಯಲಿಲ್ಲ. ಆ ಜೀವಿಗಳ ಪೈಕಿ ನೆಲಜೀರುಂಡೆಗಳೆಂಬ ಒಂದು ಮಹಾಕುಲಕ್ಕೆ ಹೆಸರನ್ನೂ ಸ್ಥಾನವನ್ನೂ ಕಲ್ಪಿಸಿದ ಸುಮಾರು ಎರಡು ಶತಮಾನಗಳ ಪ್ರಯತ್ನದ ಚರಿತ್ರೆ ಈ ಲೇಖನದ ವಸ್ತು.

ಮುಂಗಾರಿನ ಮೊದಲ ಹದಮಳೆಗಳು ಬಿದ್ದು, ನಮ್ಮ ಪ್ರಾಚೀನ ಕವಿಗಳು ಬಲು ಪ್ರೀತಿಯಿಂದ ನೆನೆದ ಇಂದ್ರಗೋಪಗಳು ಕೆಂಪು ಮಖಮಲ್ಲಿನ ಚೂರುಗಳಂತೆ ಹೊಲದ ಬದುವಿನ ಮೇಲೆ ಹರಿದಾಡತೊಡಗಿದ ಮೇಲೆ, ಇಳಿಹೊತ್ತಿನಲ್ಲಿ ಕುರುಚಲು ಕಾಡಿನ ಬಯಲಿನಲ್ಲಿ ನಡೆದುಹೋಗುವವನಿಗೆ ಒಮ್ಮೊಮ್ಮೆ ಹೆಬ್ಬೆರಳಿನಷ್ಟು ದಪ್ಪವಾದ, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ, ಕಾಡಿಗೆಯಂತೆ ಕಪ್ಪಾದ ಒಂದು ಹುಳು ನೀಳವಾದ ಕಾಲುಗಳ ಮೇಲೆ ಮೈಯನ್ನೆತ್ತಿಕೊಂಡು ಅವಸರದಿಂದ ಓಡುವುದು ಕಾಣಿಸುತ್ತದೆ. ಅದರ ಕೊರಳ ಕವಚದ ಮೇಲೆ ಎರಡು, ಬೆನ್ನಿನ ರೆಕ್ಕೆಗವಚಗಳ ಮೇಲೆ ನಾಲ್ಕು, ಹೀಗೆ ಆರು ಬಿಳಿಯ ಚುಕ್ಕೆಗಳು. ಅವು ಬಣ್ಣದ ಲೇಪವಲ್ಲ, ಒತ್ತಾಗಿ ಬೆಳೆದ ಬಿಳಿಯ ರೋಮಗಳ ಗುಚ್ಛಗಳು. ಇದಕ್ಕೆ ಹಾರಲು ಬಾರದು. ಬೆನ್ನಿನ ಕವಚಗಳೆರಡೂ ಕೂಡಿಕೊಂಡಿರುವುದರಿಂದ ಅವುಗಳನ್ನು ಬಿಚ್ಚುವಂತಿಲ್ಲ. ಕೆಣಕಿದವರ ಮೇಲೆ ಇದು ತನ್ನ ದೇಹದ ಹಿಂತುದಿಯಿಂದ ಸಿಡಿಸುವ ದ್ರವವು ಇರುವೆಗಳಲ್ಲಿಯೂ ಇರುವ ಫಾರ್ಮಿಕ್ ಆಮ್ಲವೇ ಆಗಿದ್ದು, ಚರ್ಮಕ್ಕೆ ತಗುಲಿದರೆ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ದಕ್ಷಿಣ ಭಾರತದ ಒಣ ಬಯಲುಗಳಿಗೆ ಸಹಜವಾದ ಈ ಬೇಟೆಗಾರ ಹುಳುವಿನ ಶಾಸ್ತ್ರೀಯ ನಾಮ ಅಂಥಿಯಾ ಸೆಕ್ಸ್‌ಗುಟ್ಟಾಟಾ.

ಈ ಹೆಸರಿನ ಉತ್ತರಾರ್ಧವು ಹುಟ್ಟಿದ್ದು 1775ರಲ್ಲಿ, ಹೈದರಾಲಿಯು ಈ ಸೀಮೆಗಳಲ್ಲಿ ದಂಡೆತ್ತಿ ನಡೆಯುತ್ತಿದ್ದ ಕಾಲದಲ್ಲಿ, ಇಲ್ಲಿಂದ ಬಹುದೂರದ ಯುರೋಪಿನಲ್ಲಿ. ಸ್ವೀಡನ್ನಿನ ಲಿನೀಯಸನು 1758ರಲ್ಲಿ ನೆಲದ ಮೇಲೆ ಓಡುವ ಜೀರುಂಡೆಗಳಲ್ಲಿ ಬಹುಪಾಲನ್ನು ಕ್ಯಾರಬಸ್ ಎಂಬ ಒಂದೇ ಕುಲನಾಮದ ಅಡಿಯಲ್ಲಿ ಕೂಡಿಸಿದ್ದನು. ಉಪ್ಸಾಲದಲ್ಲಿ ಆತನ ಬಳಿ ಓದಿದ ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫಾಬ್ರೀಸಿಯಸನು ಗುರುವಿನ ಪದ್ಧತಿಯನ್ನು ಕೀಟಲೋಕದಲ್ಲೆಲ್ಲ ವಿಸ್ತರಿಸುವ ಮಹಾಸಂಕಲ್ಪವನ್ನು ತೊಟ್ಟು, ತನ್ನ ಮೊದಲ ಬೃಹದ್ಗ್ರಂಥದಲ್ಲಿ ಈ ಆರು ಚುಕ್ಕೆಯ ಹುಳುವನ್ನು ವರ್ಣಿಸಿದನು. 1801ರಲ್ಲಿ ವೇಬರನೆಂಬ ಕೀಟಶಾಸ್ತ್ರಜ್ಞನು ಇಂಥ ದೊಡ್ಡ ಬಯಲು ಜೀರುಂಡೆಗಳಿಗೆ ಅಂಥಿಯಾ ಎಂಬ ಪ್ರತ್ಯೇಕ ಕುಲವನ್ನು ಕಲ್ಪಿಸಿದನು. ಫಾಬ್ರೀಸಿಯಸನು ಭಾರತವನ್ನು ಕಂಡವನಲ್ಲ. ಆದರೆ ತಂಜಾವೂರಿನ ಕರಾವಳಿಯ ತರಂಗಂಬಾಡಿಯಲ್ಲಿ ಡೇನರ ಒಂದು ಕೋಟೆಯೂ ಮಿಷನ್ನೂ ಇದ್ದುವು. ಲಿನೀಯಸನ ಮತ್ತೊಬ್ಬ ಶಿಷ್ಯ ಯೋಹಾನ್ ಗೆರ್ಹಾರ್ಡ್ ಕೋನಿಗನು 1768ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದು ಗಿಡಮೂಲಿಕೆಗಳೊಡನೆ ಕೀಟಗಳನ್ನೂ ಹಡಗಿನಲ್ಲಿ ಕಳುಹಿಸುತ್ತಿದ್ದನು, ಆತನ ತರುವಾಯ ಡಾಲ್ಡಾರ್ಫನು ಅದೇ ಕೆಲಸವನ್ನು ಮುಂದುವರಿಸಿದನು. ಹೀಗೆ ತೆಂಕಣ ಭಾರತದ ಹುಳುಗಳು ಲ್ಯಾಟಿನ್ ಹೆಸರುಗಳನ್ನು ಪಡೆದ ಮೊದಲ ಪರ್ವವು ಸಂಪೂರ್ಣವಾಗಿ ಬಂದರು ಪಟ್ಟಣಗಳ ಪರ್ವ. ಹಡಗು ನಿಲ್ಲುವಲ್ಲಿ ಸಿಕ್ಕಿದ್ದಕ್ಕೆ ಹೆಸರು ದೊರೆಯಿತು. ಘಟ್ಟದ ಮೇಲಿನ ಒಳನಾಡಿನಲ್ಲಿ ಅಡಗಿದ್ದುದು ಕಾಯಬೇಕಾಯಿತು.

ಈ ನ್ಯಾಯದ ಪ್ರಕಾರವೇ ಹತ್ತೊಂಬತ್ತನೆಯ ಶತಮಾನದಲ್ಲಿ ಉಷ್ಣವಲಯದ ದ್ವೀಪಗಳು ಮುಂದಾದುವು. ಜಾವಾ ದ್ವೀಪದಲ್ಲಿ ಥಾಮಸ್ ಹಾರ್ಸ್‌ಫೀಲ್ಡನು ಕೂಡಿಟ್ಟ ಕೀಟಗಳನ್ನು ಆಧಾರವಾಗಿಟ್ಟುಕೊಂಡು ವಿಲಿಯಂ ಶಾರ್ಪ್ ಮ್ಯಾಕ್ಲೇ ಎಂಬುವನು 1825ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಪೌರಸ್ತ್ಯ ನೆಲಜೀರುಂಡೆಗಳ ಅನೇಕ ಕುಲಗಳಿಗೆ ಆಧಾರಶಿಲೆಯನ್ನಿಟ್ಟನು. ಸಿಂಹಳದಲ್ಲಿ ನೀಟ್ನರ್ ಎಂಬ ಜರ್ಮನ್ ತೋಟಗಾರನು 1850ರ ದಶಕದಲ್ಲಿ ತನ್ನ ತೋಟದ ಸುತ್ತಲಿನ ಸಣ್ಣ ಸಣ್ಣ ಜೀರುಂಡೆಗಳನ್ನು ತಾನೇ ಸೂಕ್ಷ್ಮವಾಗಿ ನೋಡಿ ತಾನೇ ವರ್ಣಿಸಿದನು. ಹುಳುವನ್ನು ಹಿಡಿದವನೇ ಹೆಸರಿಟ್ಟನೆಂಬ ಮಾತು ಈ ಚರಿತ್ರೆಯಲ್ಲಿ ಅಪರೂಪವಾದುದರಿಂದ ಆತನನ್ನು ವಿಶೇಷವಾಗಿ ನೆನೆಯಬೇಕು. ಮೂವತ್ತು ವರ್ಷಗಳ ಅನಂತರ ಜಾರ್ಜ್ ಲೂಯಿಸನೆಂಬ ಚಹಾ ವ್ಯಾಪಾರಿಯು ಅದೇ ದ್ವೀಪದಲ್ಲಿ ಕೂಡಿಸಿದ ಸಂಗ್ರಹವನ್ನು, ಅಮೆಜಾನ್ ನದಿಯ ಕಾಡುಗಳಲ್ಲಿ ಹನ್ನೊಂದು ವರ್ಷ ಕಳೆದು ಬಂದ ಹೆನ್ರಿ ವಾಲ್ಟರ್ ಬೇಟ್ಸನು ಲಂಡನ್ನಿನಲ್ಲಿ ಕುಳಿತು ಪರೀಕ್ಷಿಸಿ 1886ರಲ್ಲಿ ಅಚ್ಚು ಮಾಡಿಸಿದನು. ದ್ವೀಪವೆಂಬುದು ಸುತ್ತಲೂ ಸಮುದ್ರದ ಮೇರೆಯುಳ್ಳ ಪ್ರದೇಶವಾದುದರಿಂದ ಅಲ್ಲಿಯ ಜೀವಿಗಳನ್ನು ಎಣಿಸಿ ಮುಗಿಸಿಯೇವೆಂಬ ಧೈರ್ಯ ವಿದ್ವಾಂಸನಿಗೆ ಉಂಟಾಗುತ್ತದೆ. ಬೇರೆಲ್ಲಿಯೂ ಇಲ್ಲದ ಪ್ರಭೇದವು ಸಿಕ್ಕೀತೆಂಬ ಆಸೆಯೂ ಅಲ್ಲಿ ಪ್ರಬಲ. ಬಯಲುಸೀಮೆಗೆ ಇಂಥ ಮೇರೆಯೂ ಇಲ್ಲ, ಅಂಥ ಆಕರ್ಷಣೆಯೂ ಇಲ್ಲ.

ಒಳನಾಡಿಗೆ ದಾರಿಯನ್ನು ತೆರೆದದ್ದು ಎರಡು ಸಂಗತಿಗಳು. ಡಾರ್ವಿನನೇ ಮೊದಲಾದ ವಿಜ್ಞಾನಿಗಳ ಬಿನ್ನಹದ ಮೇರೆಗೆ 1880ರ ದಶಕದಲ್ಲಿ ಆರಂಭವಾಗಿ, ಬ್ಲಾನ್‌ಫರ್ಡನ ಸಂಪಾದಕತ್ವದಲ್ಲಿ ಹೊರಬರತೊಡಗಿದ ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆ ಮೊದಲನೆಯದು. ಗುಂತಕಲ್ಲಿನಿಂದ ಹಿಂದೂಪುರದ ಮೂಲಕ ಬೆಂಗಳೂರಿಗೆ 1890ರ ದಶಕದಲ್ಲಿ ಸಂಚಾರಕ್ಕೆ ಸಿದ್ಧವಾದ ಉಗಿಬಂಡಿಯ ಹಾದಿ ಎರಡನೆಯದು. ಆ ಹಾದಿಯ ಎರಡು ಕಡೆಗಳಲ್ಲಿ ಅದೇ ಕಾಲದಲ್ಲಿ ಕ್ಯಾಂಬೆಲ್ ಸಹೋದರರೆಂಬ ಇಬ್ಬರು ಲಂಡನ್ ಮಿಷನ್ನಿನ ಪಾದ್ರಿಗಳಿದ್ದರು. ಹಿರಿಯನಾದ ವಿಲಿಯಂ ಹೋವರ್ಡನು ಗುತ್ತಿಯಲ್ಲಿದ್ದುಕೊಂಡು ತೆಲುಗಿನಲ್ಲಿ ಪ್ರಾವೀಣ್ಯವನ್ನು ಪಡೆದು, ಬಿಡುವಿನ ವೇಳೆಯಲ್ಲಿ ಚಿಟ್ಟೆ, ಪತಂಗ, ಪಕ್ಷಿಗಳನ್ನು ಅವಲೋಕಿಸಿದನು. ಕಿರಿಯನಾದ ಥಾಮಸ್ ವಿನ್ಸೆಂಟನು ವೈದ್ಯ. ಮೊದಲು ಕಡಪದ ಜಮ್ಮಲಮಡುಗಿನಲ್ಲಿಯೂ ತರುವಾಯ ಹಿಂದೂಪುರದಿಂದ ದೂರವಲ್ಲದ ಚಿಕ್ಕಬಳ್ಳಾಪುರದಲ್ಲಿಯೂ ರೋಗಿಗಳ ಶುಶ್ರೂಷೆಯ ನಡುವೆ ಕೀಟಗಳನ್ನು ಸಂಗ್ರಹಿಸಿ ಲಂಡನ್ನಿಗೆ ಕಳುಹಿಸಿದನು. ತಿಗಣೆಯ ಜಾತಿಯ ಕೀಟಗಳಲ್ಲಿ ಪರಿಣತನಾದ ಡಿಸ್ಟಂಟನು ಆ ಸಂಗ್ರಹದಿಂದ ಹೊಸ ಪ್ರಭೇದಗಳನ್ನು ವರ್ಣಿಸಿ ಕ್ಯಾಂಬೆಲನ ಹೆಸರನ್ನೇ ಕೆಲವಕ್ಕೆ ಇಟ್ಟುದರಿಂದ, ಚಿಕ್ಕಬಳ್ಳಾಪುರವೆಂಬ ನಮ್ಮೂರಿನ ಹೆಸರು ಯುರೋಪಿನ ಕೀಟಶಾಸ್ತ್ರಗ್ರಂಥಗಳ ಪುಟಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ.

ಇಲ್ಲಿ ಗುತ್ತಿಯ ಒಂದು ವೃತ್ತಾಂತವನ್ನು ಹೇಳಿ ಮುಂದುವರಿಯುವುದು ಉಚಿತ. ಅದು ಜೀರುಂಡೆಯದಲ್ಲ, ಜೇಡನದು, ಆದರೂ ವರ್ಗೀಕರಣಶಾಸ್ತ್ರದಲ್ಲಿ ಊರಿನ ಹೆಸರಿಗೆ ಎಂಥ ಬೆಲೆಯುಂಟೆಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನವನ್ನು ನಾನು ಕಾಣೆ. ಗುತ್ತಿಯ ರೈಲ್ವೆಯವರ ಮರದ ಅಂಗಳದಲ್ಲಿ ಸಿಕ್ಕಿದ, ನೀಲಮಣಿಯ ಕಾಂತಿಯ ಒಂದೇ ಒಂದು ದೊಡ್ಡ ಜೇಡವನ್ನು ನೋಡಿ ಪೊಕಾಕನೆಂಬ ಪ್ರಾಣಿಶಾಸ್ತ್ರಜ್ಞನು 1899ರಲ್ಲಿ ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟನು. ಆಮೇಲೆ ನೂರು ವರ್ಷಗಳಿಗೂ ಮೀರಿ ಅದರ ಸುಳಿವೇ ಇಲ್ಲ. 2001ರಲ್ಲಿ ಸಂಶೋಧಕರು ಅದನ್ನು ಮತ್ತೆ ಕಂಡುಹಿಡಿದದ್ದು ಗುತ್ತಿಯಲ್ಲಲ್ಲ, ಅಲ್ಲಿಂದ ಮೂಡಣಕ್ಕೆ ನಂದ್ಯಾಲ ಗಿದ್ದಲೂರುಗಳ ನಡುವಣ ಅರಣ್ಯದಲ್ಲಿ. ಕಡಿದ ಮರದ ಪೊಟರೆಯೊಳಗೆ ಕುಳಿತು ಬಂಡಿಯಲ್ಲಿ ಬಂದ ಜೇಡಕ್ಕೆ ಇಳಿದ ನಿಲ್ದಾಣವೇ ಜನ್ಮಭೂಮಿಯೆಂದು ದಾಖಲಾಗಿದ್ದಿತು. ಇದಕ್ಕೆ ಜೊತೆಯಾಗಿ ಮತ್ತೊಂದು: ಅನಂತಪುರದ ಹತ್ತಿರ 1900ರಲ್ಲಿ ಹೋವರ್ಡ್ ಕ್ಯಾಂಬೆಲನು ಕಂಡು ಬರೆದಿಟ್ಟ, ರಾತ್ರಿಯಲ್ಲಿ ಕುರುಚಲಿನ ನೆಲದ ಮೇಲೆ ಓಡಾಡುವ ಜರ್ಡನನ ಚಿಟವವೆಂಬ ಹಕ್ಕಿಯು ಆಮೇಲೆ ಕಣ್ಮರೆಯಾಗಿ, ನಷ್ಟವಾಯಿತೆಂದೇ ಎಣಿಸಲ್ಪಟ್ಟು, 1986ರಲ್ಲಿ ಕಡಪ ಜಿಲ್ಲೆಯಲ್ಲಿ ಪುನಃ ಪ್ರತ್ಯಕ್ಷವಾಯಿತು. ಹಕ್ಕಿಯಷ್ಟು ದೊಡ್ಡ ಜೀವಿಯೇ ಎಂಬತ್ತಾರು ವರ್ಷ ಈ ಕುರುಚಲಿನಲ್ಲಿ ಅಡಗಿರಬಲ್ಲುದಾದರೆ, ಎರಡು ಮಿಲಿಮೀಟರಿನ ಜೀರುಂಡೆಯ ವಿಷಯದಲ್ಲಿ ಹೇಳುವುದೇನು?

ಇಂಥ ಚದುರಿದ ಸಾಮಗ್ರಿಗೆಲ್ಲ ಒಂದು ವ್ಯವಸ್ಥೆಯನ್ನು ತಂದ ಪುರುಷನು ಹರ್ಬರ್ಟ್ ಎಡ್ವರ್ಡ್ ಆಂಡ್ರೂಸ್. 1863ರಲ್ಲಿ ಹುಟ್ಟಿ, ಭಾರತದ ಅರಣ್ಯ ಇಲಾಖೆಯಲ್ಲಿ ಸೇವೆ ಮಾಡಿ, ಆಮೇಲೆ ತನ್ನ ದೀರ್ಘಾಯುಷ್ಯದ ಬಹುಭಾಗವನ್ನು ಪೌರಸ್ತ್ಯ ನೆಲಜೀರುಂಡೆಗಳ ಅಧ್ಯಯನಕ್ಕೇ ಮೀಸಲಿಟ್ಟು 1950ರಲ್ಲಿ ತೀರಿಕೊಂಡ ಆತನ ಬಾಳನ್ನು ತಪಸ್ಸೆಂದು ಕರೆದರೆ ಅತ್ಯುಕ್ತಿಯಾಗಲಾರದು. ಆತನು ಕೈಹಾಕಿದ ಕಾಲದಲ್ಲಿ ಈ ಶಾಸ್ತ್ರದ ಸ್ಥಿತಿ ಹೇಗಿತ್ತೆಂದರೆ, ಒಂದೇ ಹುಳುವಿಗೆ ಕೋಪನ್‌ಹೇಗನ್ನಿನಲ್ಲೊಂದು, ಪ್ಯಾರಿಸಿನಲ್ಲೊಂದು, ಮಾಸ್ಕೋದಲ್ಲೊಂದು ಹೆಸರು. ಬೇರೆ ಬೇರೆ ಹುಳುಗಳಿಗೆ ಒಂದೇ ಹೆಸರು. ವರ್ಣನೆಗಳೋ ಎರಡು ಮೂರು ಸಾಲಿನ ಲ್ಯಾಟಿನ್ ವಾಕ್ಯಗಳು. ಫಾಬ್ರೀಸಿಯಸನ ಮಾದರಿಗಳು ಒಂದು ಕಡೆ, ಹೆಲ್ಫರನು ಬರ್ಮಾದಲ್ಲಿ ಕೂಡಿಸಿದ, ಶ್ಮಿಟ್-ಗೋಬೆಲನು 1846ರಲ್ಲಿ ವರ್ಣಿಸಿದವು ಇನ್ನೊಂದು ಕಡೆ, ರಷ್ಯದ ಶೋದ್ವಾರನೆಂಬ ಶ್ರೀಮಂತನು ಜೀವಮಾನವೆಲ್ಲ ಕೂಡಿಟ್ಟ ಅಪಾರ ಭಂಡಾರವು ಓಬೆರ್ತ್ಯೂರನೆಂಬ ಸಂಗ್ರಾಹಕನ ಕೈಸೇರಿ ಕಡೆಗೆ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ. ಹಿಮಾಲಯದ ಗ್ಯಾಜೆಟಿಯರಿನಿಂದ ಪ್ರಸಿದ್ಧನಾದ ಆಟ್ಕಿನ್ಸನನು ಕಲ್ಕತ್ತೆಯಲ್ಲಿ ಸಿದ್ಧಪಡಿಸಿದ ಪಟ್ಟಿಯೊಂದು 1890ರಲ್ಲಿ ಹೊರಬಂದಿದ್ದಿತಾದರೂ ಅದು ಹೆಸರುಗಳ ಪಟ್ಟಿ, ಪರೀಕ್ಷೆಯಲ್ಲ. ಆಂಡ್ರೂಸನು ಮೂಲಮಾದರಿಗಳನ್ನೇ ಹುಡುಕಿ ನೋಡಿದನು. ಮೊದಲು ವರ್ಣಿತವಾದ ಹುಳು ಯಾವುದು, ಆ ಹೆಸರಿಗೆ ಹಕ್ಕುಳ್ಳದ್ದು ಯಾವುದು, ಬರಿಯ ಪುನರುಕ್ತಿ ಯಾವುದು ಎಂಬುದನ್ನು ಒಂದೊಂದಾಗಿ ಇತ್ಯರ್ಥಪಡಿಸಿದನು. ಜಾವಾದ ಮ್ಯಾಕ್ಲೇ ಗ್ರಂಥದ ಪರಿಷ್ಕರಣೆಯನ್ನೂ ಕೈಗೊಂಡನು. 1927ರಲ್ಲಿ ಪ್ರಶಾಂತ ಮಹಾಸಾಗರದ ಸಮೋವಾ ದ್ವೀಪಗಳ ನೆಲಜೀರುಂಡೆಗಳನ್ನು ಕುರಿತು ಬರೆದನು. 1929ರಲ್ಲಿ ಬ್ರಿಟಿಷ್ ಭಾರತದ ಗ್ರಂಥಮಾಲೆಯಲ್ಲಿ ಈ ಕುಟುಂಬದ ಮೊದಲನೆಯ ಸಂಪುಟವನ್ನೂ, 1935ರಲ್ಲಿ ಎರಡನೆಯದನ್ನೂ ಪ್ರಕಟಿಸಿದನು. ದ್ವೀಪಗಳನ್ನೂ ನಮ್ಮ ನೆಲವನ್ನೂ ಅಳೆದ ಕೈ ಒಂದೇ, ಅಳತೆಗೋಲೂ ಒಂದೇ.

ಆ ಅಳತೆಗೋಲು ಎಂಥದು? ಜೀರುಂಡೆಯನ್ನು ಬೆನ್ನಡಿಯಾಗಿ ತಿರುಗಿಸಿ ನೋಡಿದಾಗ, ಹಿಂಗಾಲಿನ ಬುಡದ ಫಲಕಗಳು ಕದಲದಂತೆ ಬೆಸೆದುಕೊಂಡು ಹೊಟ್ಟೆಯ ಮೊದಲ ಖಂಡವನ್ನು ಎರಡಾಗಿ ಸೀಳಿದ್ದರೆ ಅದು ನೆಲಜೀರುಂಡೆಗಳನ್ನೊಳಗೊಂಡ ಉಪಗಣಕ್ಕೆ ಸೇರಿದ್ದು. ಐದು ಗೆಣ್ಣಿನ ಪಾದಗಳು, ದಾರದಂತೆ ನೀಳವಾದ ಮೀಸೆಗಳು, ಮುಂಗಾಲಿನ ಒಳಬದಿಯಲ್ಲಿ ಆ ಮೀಸೆಗಳನ್ನು ಎಳೆದು ಶುಚಿ ಮಾಡಿಕೊಳ್ಳುವುದಕ್ಕೆಂದೇ ಇರುವ ಒಂದು ಕಚ್ಚು, ಇವು ಕುಟುಂಬದ ಲಕ್ಷಣಗಳು. ಅಲ್ಲಿಂದ ಮುಂದಕ್ಕೆ ರೋಮಗಳ ಗಣಿತವು ಆರಂಭವಾಗುತ್ತದೆ: ಕಣ್ಣಿನ ಮೇಲೆ ನಿಶ್ಚಿತ ಸ್ಥಾನದಲ್ಲಿ ನೆಟ್ಟ ರೋಮ ಒಂದೋ ಎರಡೋ, ಕೊರಳ ಕವಚದ ಹಿಂಮೂಲೆಯಲ್ಲಿ ರೋಮವುಂಟೋ ಇಲ್ಲವೋ, ರೆಕ್ಕೆಗವಚದ ಮೇಲೆ ನೇಗಿಲ ಸಾಲಿನಂತೆ ಓಡುವ ಗೆರೆಗಳಲ್ಲಿ ಮೂರನೆಯ ಅಂತರದಲ್ಲಿ ಎಷ್ಟು ಕುಳಿಗಳು, ಗಂಡಿನ ಮುಂಗಾಲ ಪಾದದ ಯಾವ ಯಾವ ಗೆಣ್ಣುಗಳು ಅಗಲವಾಗಿವೆ. ಹಳ್ಳದ ದಡದ ಹಸಿ ಮರಳಿನಲ್ಲಿ ಓಡಾಡುವ ಟ್ಯಾಕಿಸ್ ಎಂಬ ಅತಿಸೂಕ್ಷ್ಮ ಜೀರುಂಡೆಗಳಲ್ಲಿ, ನಡುಗೆರೆಯು ರೆಕ್ಕೆಗವಚದ ತುದಿಯನ್ನು ಮುಟ್ಟಿ ಕೊಕ್ಕೆಯಂತೆ ಹಿಂದಿರುಗುವ ಬಗೆಯೇ ಪ್ರಭೇದ ನಿರ್ಣಯಕ್ಕೆ ಆಧಾರ. ಎರಡು ಮೂರು ಮಿಲಿಮೀಟರಿನ ಆ ದೇಹದ ಮೇಲೆ ಅಂಥ ಗೆರೆಯನ್ನು ಗುರುತಿಸಿ, ಪೌರಸ್ತ್ಯ ದೇಶಗಳ ಟ್ಯಾಕಿಸ್ ಪ್ರಭೇದಗಳನ್ನೆಲ್ಲ ಕುರಿತು ಆಂಡ್ರೂಸನು 1925ರಲ್ಲಿ ಒಂದು ಪ್ರತ್ಯೇಕ ಪ್ರಬಂಧವನ್ನೇ ರಚಿಸಿದನು. ಹೊರಗಿನ ಲಕ್ಷಣಗಳು ಸಾಲವೆಂಬ ಮಾತನ್ನು ಬಲವಾಗಿ ಸ್ಥಾಪಿಸಿದವನು ಫ್ರಾನ್ಸಿನ ರೆನೆ ಜಾನೆಲ್. ಮಡಗಾಸ್ಕರ್ ದ್ವೀಪದ ನೆಲಜೀರುಂಡೆಗಳನ್ನು ಕುರಿತು 1946ರಿಂದ 1949ರ ವರೆಗೆ ಆತನು ಪ್ರಕಟಿಸಿದ ಸಂಪುಟಗಳಲ್ಲಿ, ಗಂಡಿನ ಜನನೇಂದ್ರಿಯದ ಆಕೃತಿಯು ಪ್ರಭೇದದ ಮುದ್ರೆಯಾಗಿ ಪರಿಗಣಿಸಲ್ಪಟ್ಟಿತು. ಇಂದಿನ ಯಾವ ವರ್ಗೀಕಾರನೂ ಆ ಅಂಗವನ್ನು ಬಿಡಿಸಿ ನೋಡದೆ ನಿರ್ಣಯವನ್ನು ಹೇಳಲು ಹಿಂಜರಿಯುತ್ತಾನೆ.

ಆಂಡ್ರೂಸನ ಸಂಪುಟಗಳಲ್ಲಿ ಪ್ರತಿಯೊಂದು ಪ್ರಭೇದದ ಕೆಳಗೂ ಅದು ದೊರೆತ ಊರೂ ಕೊಟ್ಟವನ ಹೆಸರೂ ಇರುತ್ತವೆ. ಅವುಗಳಲ್ಲಿ ಕನ್ನಡ ನಾಡಿನ ಭಾಗವಾಗಿ ಎದ್ದುಕಾಣುವುದು ಉತ್ತರ ಕನ್ನಡ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತನಾದ ಮೇಲೂ ಅಲ್ಲಿಯೇ ನೆಲಸಿ 1948ರಲ್ಲಿ ಅಲ್ಲಿಯೇ ಮಡಿದ ಟಿ. ಆರ್. ಡಿ. ಬೆಲ್ಲನು ಕಳುಹಿಸಿದ ಜೀರುಂಡೆಗಳಿಂದ ಆ ಸಮೃದ್ಧಿ ಬಂದದ್ದು. ಬೆಲ್ಲನೂ ಆಂಡ್ರೂಸನೂ ಒಂದೇ ವರ್ಷದಲ್ಲಿ ಹುಟ್ಟಿದವರು, ಒಂದೇ ವೃತ್ತಿಯವರು. ನೀಲಗಿರಿಯಿಂದ ಎಚ್. ಎಲ್. ಆಂಡ್ರೂಸನೆಂಬ ಮತ್ತೊಬ್ಬನು ಕಳುಹಿಸಿದವೂ ಅಷ್ಟೇ ವಿಪುಲ. ನೀಲಗಿರಿ, ಕನ್ನಡ ಜಿಲ್ಲೆ, ಅಸ್ಸಾಂ, ಬರ್ಮಾ, ಸಿಂಹಳ, ಹಿಮಾಲಯದ ತಪ್ಪಲು: ಪುಟವನ್ನು ಮಗುಚಿದಂತೆಲ್ಲ ಈ ಹೆಸರುಗಳೇ ಮೇಲುಗೈಯಾಗಿ ಬರುತ್ತವೆ. ಮಳೆ ಸುರಿಯುವ ಕಾಡಿಗೂ ಕಡಲು ಸುತ್ತಿದ ದ್ವೀಪಕ್ಕೂ ಸಂಗ್ರಾಹಕರು ಹೋದರು, ನಿಂತರು, ವರ್ಷಾನುವರ್ಷ ಹುಡುಕಿದರು. ನಮ್ಮ ಒಣಸೀಮೆಯನ್ನೋ ಉಗಿಬಂಡಿಯ ಕಿಟಕಿಯಿಂದ ನೋಡಿ ಮುಂದಕ್ಕೆ ಹೋದರು. ಇದನ್ನು ಆಂಡ್ರೂಸನ ದೋಷವೆಂದು ನಾನು ಎಣಿಸುವುದಿಲ್ಲ. ಮೇಜಿನ ಮೇಲೆ ಬಾರದ ಹುಳುವನ್ನು ಆತನು ವರ್ಣಿಸುವುದೆಂತು? ಆದರೆ ಪರಿಣಾಮವೇನಾಯಿತೆಂದರೆ, ಸಾವಿರಾರು ಮೈಲಿ ದೂರದ ಸಮೋವಾದ ನೆಲಜೀರುಂಡೆಗಳಿಗೆ 1927ರಲ್ಲಿಯೇ ಒಂದು ಪ್ರಬಂಧವು ದೊರೆತರೆ, ಪಿನಾಕಿನಿ ವೇದಾವತಿಗಳ ನಡುವಣ ನೆಲಕ್ಕೆ ಅಂಥದೊಂದು ದೊರೆಯಲಿಲ್ಲ. ಈ ಕುಟುಂಬವನ್ನು ಕುರಿತ ಮುಂದಿನ ಸಂಪುಟಗಳೂ ಹೊರಬರಲಿಲ್ಲ. ಆ ಸಂಪುಟಗಳ ಸಾಲು 1935ಕ್ಕೇ ನಿಂತಿತು.

ದ್ವೀಪಗಳ ಅಧ್ಯಯನವು ನಮಗೆ ನಿಷ್ಪ್ರಯೋಜಕವೆಂದು ಇದರಿಂದ ಭಾವಿಸಬಾರದು. ಕೀಟಗಳು ರೆಕ್ಕೆಯನ್ನು ಕಳೆದುಕೊಳ್ಳುವುದೇಕೆ ಎಂಬ ಪ್ರಶ್ನೆ ದ್ವೀಪಗಳಲ್ಲಿಯೇ ಹುಟ್ಟಿತು. ಅಟ್ಲಾಂಟಿಕದ ಮದೀರಾ ದ್ವೀಪದ ಜೀರುಂಡೆಗಳನ್ನು ವೊಲಾಸ್ಟನನೆಂಬ ಕೀಟಶಾಸ್ತ್ರಜ್ಞನು ಪರಿಶೀಲಿಸಿ, 550 ಪ್ರಭೇದಗಳಲ್ಲಿ 200ರಷ್ಟು ಹಾರಲಾರವೆಂದು ತೋರಿಸಿದಾಗ, ಡಾರ್ವಿನನು ಅದಕ್ಕೆ ಕೊಟ್ಟ ಕಾರಣ ಗಾಳಿ: ಹಾರುವವು ಕಡಲಿಗೆ ಕೊಚ್ಚಿಹೋಗಿ ನಾಶವಾದುವು, ನೆಲಕಚ್ಚಿ ಕುಳಿತವು ಉಳಿದು ಸಂತಾನವನ್ನು ಬೆಳೆಸಿದುವು. ಅಮೆರಿಕದ ಫಿಲಿಪ್ ಡಾರ್ಲಿಂಗ್ಟನನು ಬೆಟ್ಟಗಳ ಹಾಗೂ ದ್ವೀಪಗಳ ನೆಲಜೀರುಂಡೆಗಳನ್ನು ಕುರಿತ 1943ರ ತನ್ನ ಪ್ರಬಂಧದಲ್ಲಿ ಈ ಕಾರಣವನ್ನು ಒಪ್ಪಲಿಲ್ಲ. ವಾಸಸ್ಥಾನವು ಕಿರಿದಾಗಿಯೂ ಸ್ಥಿರವಾಗಿಯೂ ಇದ್ದು, ದೂರ ಹೋಗುವ ಅವಶ್ಯಕತೆಯೇ ಇಲ್ಲದ ಎಡೆಯಲ್ಲಿ ರೆಕ್ಕೆಯೂ ಅದನ್ನು ಬಡಿಯುವ ಸ್ನಾಯುಗಳೂ ವ್ಯರ್ಥವಾದ ಭಾರವಾಗುತ್ತವೆ. ನೆರೆ ಬಂದು ಕೊಚ್ಚಿಹೋಗುವ ನದೀತೀರದಂಥ ಅಸ್ಥಿರ ನೆಲೆಯಲ್ಲಿ ಬಾಳುವವಕ್ಕೆ ಮಾತ್ರ ಅವು ಪ್ರಾಣರಕ್ಷಕ. ಇದು ಆತನ ಸಿದ್ಧಾಂತದ ಸಾರ. ಎರಡನೆಯ ಮಹಾಯುದ್ಧದಲ್ಲಿ ಮಲೇರಿಯಾ ನಿವಾರಣೆಯ ಸೈನ್ಯಾಧಿಕಾರಿಯಾಗಿ ನ್ಯೂಗಿನಿಗೆ ಹೋದ ಈತನನ್ನು ಜವುಗಿನಲ್ಲಿ ಮೊಸಳೆಯೊಂದು ಹಿಡಿದು ನೀರಿಗೆಳೆಯಿತು. ಮುರಿದ ತೋಳಿನೊಡನೆ ತಪ್ಪಿಸಿಕೊಂಡು ಬಂದ ಆತನು, ಗಾಯ ಮಾಯುವ ಮೊದಲೇ ಎಡಗೈಯಿಂದ ಜೀರುಂಡೆಗಳನ್ನು ಹಿಡಿಯತೊಡಗಿದನು. ನ್ಯೂಗಿನಿಯ ನೆಲಜೀರುಂಡೆಗಳನ್ನು ಕುರಿತ ಆತನ ನಾಲ್ಕು ಭಾಗಗಳ ಮಹಾಗ್ರಂಥವು 1952ರಿಂದ 1971ರ ವರೆಗೆ ಬೆಳಕಿಗೆ ಬಂದಿತು.

ಈ ವಾದವಿವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಆರು ಚುಕ್ಕೆಯ ಹುಳುವನ್ನು ನೋಡಿದರೆ ಎಷ್ಟು ಹೊಸ ಪ್ರಶ್ನೆಗಳು ಏಳುತ್ತವೆ! ಅದು ದ್ವೀಪವಾಸಿಯಲ್ಲ, ಪರ್ವತವಾಸಿಯಲ್ಲ. ಆದರೂ ಅದಕ್ಕೆ ಹಾರಲು ಬಾರದು. ಗಾಳಿಯಂತ್ರಗಳನ್ನು ನೆಡುವಷ್ಟು ಬಿರುಗಾಳಿ ಬೀಸುವ ಕಲ್ಯಾಣದುರ್ಗದ ಗುಡ್ಡಗಳಲ್ಲಿ ಅದನ್ನು ಕೊಚ್ಚಿಕೊಂಡು ಹೋಗುವುದಕ್ಕೆ ಕಡಲಿಲ್ಲ. ಬೆಸೆದುಕೊಂಡ ಕವಚವು ದೇಹದ ತೇವವನ್ನು ಬೇಸಗೆಯ ಬಿಸಿಲಿನಲ್ಲಿ ಕಾಪಾಡುತ್ತದೆಂಬುದು ಒಣನಾಡುಗಳ ಇಂಥ ಕೀಟಗಳ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಸಮಾಧಾನ. ನಡೆದೇ ಹೋಗಬೇಕಾದ ಜೀವಿಗೆ ಹೊಲವೊಂದು ಹೆದ್ದಾರಿಯಿಂದ ಸೀಳಿಹೋದರೆ, ಕುರುಚಲು ಕಾಡೊಂದು ಬಡಾವಣೆಯಾದರೆ, ಆಚೆಯ ನೆಲೆಯು ದ್ವೀಪದಷ್ಟೇ ದೂರವಾಗುತ್ತದೆಂಬುದು ನಾನು ಸೇರಿಸುವ ಮಾತು. ಹಾರಬಲ್ಲ ಜೀರುಂಡೆ ಮರಳಿ ಬಂದೀತು. ಹಾರಲಾರದ್ದು ಅಳಿದ ಎಡೆಯಲ್ಲಿ ಅಳಿದಂತೆಯೇ. ಇದೇ ನೆಲದಲ್ಲಿ ಕಲ್ಲಿನಡಿಯ ತೇವದಲ್ಲಿ ಅಡಗಿರುವ ಫಿರಾಪ್ಸೋಫಸ್ ಎಂಬ ಸಿಡಿಗುಂಡಿನ ಜೀರುಂಡೆಗಳುಂಟು; ಅವು ತಮ್ಮ ಹೊಟ್ಟೆಯೊಳಗಿನ ಎರಡು ಕೋಣೆಗಳ ದ್ರವ್ಯಗಳನ್ನು ಕೂಡಿಸಿ, ಕುದಿಯುವ ನೀರಿನಷ್ಟು ಬಿಸಿಯಾದ ಕ್ವಿನೋನ್ ಹಬೆಯನ್ನು ಚಟ್ಟೆಂಬ ಶಬ್ದದೊಡನೆ ಹೊಮ್ಮಿಸುತ್ತವೆ. ಅವುಗಳಲ್ಲಿ ಬೈಮ್ಯಾಕ್ಯುಲೇಟಸ್ ಎಂಬ ಭಾರತೀಯ ಪ್ರಭೇದಕ್ಕೆ ಹೆಸರಿಟ್ಟವನು ಸ್ವಯಂ ಲಿನೀಯಸನೇ, 1771ರಲ್ಲಿ. ಹೆಸರಿಗೆ ಇನ್ನೂರೈವತ್ತು ವರ್ಷಗಳಾದುವು. ಅದರ ಮರಿ ನಮ್ಮ ಹೊಲದ ಮಣ್ಣಿನಲ್ಲಿ ಏನನ್ನು ತಿಂದು ಹೇಗೆ ಬೆಳೆಯುತ್ತದೆಂಬುದನ್ನು ಹೊಲದಲ್ಲಿಯೇ ನಿಂತು ನೋಡಿ ಬರೆದ ಹಿಂದೂಪುರದವರನ್ನಾಗಲಿ ಕಲ್ಯಾಣದುರ್ಗದವರನ್ನಾಗಲಿ ನಾನು ಕಾಣೆ.

ಆಂಡ್ರೂಸನ ಕಾಲದಲ್ಲಿಯೇ ಈ ಸೀಮೆಯ ಮತ್ತೊಂದು ಸಂಪತ್ತು ಹೇಗೆ ಕಾಪಾಡಲ್ಪಟ್ಟಿತೆಂಬುದನ್ನು ಸ್ಮರಿಸಿಕೊಂಡರೆ ವ್ಯತ್ಯಾಸವು ಮನಸ್ಸಿಗೆ ನಾಟುತ್ತದೆ. ಆಂಡ್ರೂಸನ ಎರಡನೆಯ ಸಂಪುಟವು ಬಂದ ನಾಲ್ಕು ವರ್ಷಗಳ ಮೇಲೆ, 1939ರಲ್ಲಿ, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವನ್ನು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿ ಕೊಟ್ಟರು. ಬಳ್ಳಾರಿ ಅನಂತಪುರಗಳ ಹಾಳು ಗುಡಿಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಬಿದ್ದಿದ್ದ ಕಲ್ಲುಗಳ ಅಕ್ಷರಗಳು ಊರಿನ ಹೆಸರು, ತಾಲ್ಲೂಕು, ಕಲ್ಲು ನಿಂತ ಎಡೆ, ಕಾಲ ಇವುಗಳೊಡನೆ ಅಚ್ಚಾದುದರಿಂದಲೇ ನೊಳಂಬರ ಚರಿತ್ರೆಯನ್ನು ನಾವು ಇಂದು ಬರೆಯಬಲ್ಲೆವು. ಆ ಕೆಲಸವನ್ನು ಮಾಡಿದವರು ನಮ್ಮವರು. ಹಳ್ಳಿಹಳ್ಳಿಗೆ ನಡೆದು ಮಸಿಪ್ರತಿಯನ್ನು ತೆಗೆದವರು. ನೆಲಜೀರುಂಡೆಗಳಿಗೆ ಅಂಥ ಪರಿಶ್ರಮಿಗಳು ಈ ಭಾಗದಲ್ಲಿ ಒದಗಲಿಲ್ಲ.

ಮೈಸೂರಿನಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನನ ಕಾಲದಲ್ಲಿ ಕುಂಞಿಕಣ್ಣನ್ ಅವರು ಸರ್ಕಾರದ ಕೀಟಶಾಸ್ತ್ರಜ್ಞರಾಗಿಯೂ, ಮದರಾಸಿನ ಕಡೆ ಕೊಯಮತ್ತೂರಿನಲ್ಲಿ ಫ್ಲೆಚರನೂ ತರುವಾಯ ಟಿ. ವಿ. ರಾಮಕೃಷ್ಣ ಅಯ್ಯರ್ ಅವರೂ ದುಡಿದದ್ದು ನಿಜ. ಆದರೆ ಬೆಳೆಯನ್ನು ತಿನ್ನುವ ಹುಳು ಅವರ ಮುಖ್ಯ ಲಕ್ಷ್ಯವಾಯಿತೇ ಹೊರತು, ಆ ಹುಳುವನ್ನು ತಿನ್ನುವ ಹುಳುವಲ್ಲ. ನೆಲಗಡಲೆಯೇ ಜೀವಾಳವಾದ ಅನಂತಪುರ ಸೀಮೆಯಲ್ಲಿ ಮುಂಗಾರಿನೊಡನೆ ಏಳುವ ಕೆಂಪು ಕಂಬಳಿಹುಳುವಿನ ಕಾಟವನ್ನು ತಿಳಿಯದ ರೈತನಿಲ್ಲ; ಪತಂಗಗಳನ್ನು ಸುಡುವುದಕ್ಕೆ ಹೊಲದ ಬದುವಿನಲ್ಲಿ ರಾತ್ರಿ ಬೆಂಕಿ ಹಾಕುವ ಪದ್ಧತಿಯೂ ಹಳೆಯದು. ಈ ಕಂಬಳಿಹುಳು ಕೋಶವಾಗುವುದು ಮಣ್ಣಿನೊಳಗೆ. ನೆಲಜೀರುಂಡೆಗಳೂ ಅವುಗಳ ಮರಿಗಳೂ ಬಹುಪಾಲು ಬೇಟೆಯಾಡಿ ಬದುಕುವುದು ಅದೇ ಮಣ್ಣಿನ ಮೇಲೆ, ಅದೇ ಮಣ್ಣಿನೊಳಗೆ. ತೆಂಗಿನ ಗರಿಯನ್ನು ತಿನ್ನುವ ಕಪ್ಪುತಲೆಯ ಹುಳುವನ್ನು ಪರೀನಾ ನೈಗ್ರೊಲೀನಿಯಾಟಾ ಎಂಬ ನೆಲಜೀರುಂಡೆಯ ಬಂಧುವೊಂದು ಮರವನ್ನೇರಿ ತಿನ್ನುತ್ತದೆಂಬುದನ್ನು ನಮ್ಮ ಕೃಷಿವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ನೆಲಗಡಲೆಯ ಹೊಲದಲ್ಲಿ ಅಂಥ ಉಪಕಾರಿಗಳು ಯಾರು, ಎಷ್ಟು, ಯಾವ ತಿಂಗಳಲ್ಲಿ ಎಂಬ ಪ್ರಶ್ನೆಗೆ ಉತ್ತರ ದೊರಕಬೇಕಾದರೆ ಮೊದಲು ಅವುಗಳ ಗುರುತು ಸಿದ್ಧವಾಗಬೇಕು. ಗುರುತಿಲ್ಲದವರ ಉಪಕಾರವನ್ನು ಲೆಕ್ಕಕ್ಕೆ ತರುವ ದಾರಿಯಿಲ್ಲ.

ಈಚಿನ ವರ್ಷಗಳಲ್ಲಿ ಕೋಳಿಕೋಡಿನ ದೇವಗಿರಿಯ ಸೇಂಟ್ ಜೋಸೆಫ್ ಕಾಲೇಜಿನ ಸಂಶೋಧಕರು ಪಶ್ಚಿಮಘಟ್ಟದ ನೆಲಜೀರುಂಡೆಗಳ ಪರಿಷ್ಕರಣೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ರಾಷ್ಟ್ರೀಯ ಕೃಷಿ ಕೀಟಸಂಪನ್ಮೂಲ ಸಂಸ್ಥೆಯಲ್ಲಿಯೂ ಏಟ್ರೀ ಸಂಸ್ಥೆಯಲ್ಲಿಯೂ ಕೀಟಸಂಗ್ರಹಗಳುಂಟು. ಹಿಂದೂಪುರದಿಂದ ಬೆಂಗಳೂರು ಉಗಿಬಂಡಿಯ ಕಾಲದಲ್ಲಿಯೇ ದೂರವಾಗಿರಲಿಲ್ಲ. ಆದುದರಿಂದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಕಾಲೇಜುಗಳ ಪ್ರಾಣಿಶಾಸ್ತ್ರದ ಉಪಾಧ್ಯಾಯರಲ್ಲಿಯೂ, ಗಡಿಸೀಮೆಯ ಕನ್ನಡ ಶಾಲೆಗಳ ಗುರುಗಳಲ್ಲಿಯೂ ನನ್ನ ವಿನಂತಿಯೊಂದುಂಟು. ಅಮೆರಿಕದ ಬಾರ್ಬರನು 1931ರಲ್ಲಿ ಪ್ರಚುರಪಡಿಸಿದ ಉಪಾಯವು ಬಲು ಸುಲಭ: ಅಗಲಬಾಯಿಯ ಗಾಜಿನ ಇಲ್ಲವೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅದರ ಬಾಯಿ ನೆಲದ ಮಟ್ಟಕ್ಕೆ ಸರಿಯಾಗಿರುವಂತೆ ಹೊಲದ ಬದುವಿನಲ್ಲಿ ಹೂಳಿ, ಮೇಲೆ ಮಳೆನೀರು ಬೀಳದಂತೆ ಚಪ್ಪಡಿಕಲ್ಲೊಂದನ್ನು ಸಣ್ಣ ಕಲ್ಲುಗಳ ಮೇಲೆ ಎತ್ತರಿಸಿಟ್ಟು, ರಾತ್ರಿ ಕಳೆದ ಮೇಲೆ ನೋಡುವುದು. ರಕ್ಷಿತಾರಣ್ಯಗಳನ್ನು ಬಿಟ್ಟು ಸ್ವಂತ ಹೊಲಗಳಲ್ಲಿ, ಮೇ ತಿಂಗಳಿನಿಂದ ನವೆಂಬರಿನ ವರೆಗೆ ಇದನ್ನು ಮಾಡಬಹುದು. ದೊಡ್ಡ ಹುಳುಗಳ ಛಾಯಾಚಿತ್ರವನ್ನು ತೆಗೆದು ಬಿಟ್ಟುಬಿಡಿರಿ, ಮುಖವನ್ನು ಮಾತ್ರ ಹತ್ತಿರಕ್ಕೆ ತರಬೇಡಿರಿ; ಚಿತ್ರದಿಂದ ಗುರುತಿಸಲಾಗದ ಸಣ್ಣವುಗಳಲ್ಲಿ ಕೆಲವನ್ನು ಮಾತ್ರ ಮದ್ಯಸಾರದಲ್ಲಿಟ್ಟು ಬೆಂಗಳೂರಿನ ಸಂಗ್ರಹಗಳಲ್ಲಿ ಯಾವುದಾದರೊಂದಕ್ಕೆ ಕಳುಹಿಸಿರಿ. ಮದ್ಯಸಾರದೊಳಗಿಡುವ ಚೀಟಿಯ ಮೇಲೆ ಊರು, ಹೊಲದ ಬೆಳೆ, ಮಣ್ಣಿನ ಬಣ್ಣ, ದಿನಾಂಕ, ಹಿಡಿದವರ ಹೆಸರು, ಈ ಐದನ್ನೂ ಸೀಸದಕಡ್ಡಿಯಿಂದಲೇ ಬರೆಯಿರಿ. ಶಾಯಿಯು ಮದ್ಯಸಾರದಲ್ಲಿ ಕರಗಿಹೋಗುತ್ತದೆ.